ಕೆಡದ ಮಾನಿಟರ್

ಒಂದು ಸುಳ್ಳನ್ನು ಈಗ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಮಾನಿಟರ್ ಎಂದೂ ಕೆಟ್ಟಿರಲಿಲ್ಲ.

ಎಂಬತ್ತರ ದಶಕದ ಮಾತು. ಫ್ಯಾಕ್ಟರಿಯ ಗೆಳೆಯನೊಬ್ಬ ಬೇಸತ್ತು ಮಾರಿದ ಕಂಪ್ಯೂಟರನ್ನು ಜಯನಗರದ ಮನೆಗೆ ಹೊತ್ತು ತಂದೆ. ಆಗ ಕಂಪ್ಯೂಟರೆಂದರೆ ಬರೀ ಕೀಲಿಮಣೆ, ಯಂತ್ರವೆಲ್ಲ ಅದರೊಳಗೇ. ಪರದೆಯನ್ನು ನಾವೇ ಹೊಂದಿಸಿಕೊಳ್ಳಬೇಕು. "ಮಾನಿಟರ್ ತಗೊಳ್ಳಿ ಸಾರ್, ಕಣ್ಣಿಗೆ ಒಳ್ಳೇದು" ಎಂದ ಕಂಪ್ಯೂಟರ್ ಅಂಗಡಿಯವನು. ಹಸಿರು ಅಕ್ಷರ ಬಿಟ್ಟು ಬೇರೇನೂ ತೋರಿಸದ ಆ ಪೆಟ್ಟಿಗೆ ಯಾಕೆ, ಮನೆಯಲ್ಲಿ ಕಲರ್ ಟೀವಿಯೇ ಇರುವಾಗ? ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು, ಕಸೂತಿ ಬಟ್ಟೆ ಹೊದ್ದು ಕೂತಿದ್ದ ಆ ಟೀವಿ ನಮ್ಮ ದೇವರ ಮನೆಗಿಂತ ಹೆಚ್ಚು ಭಕ್ತರನ್ನು ಕಂಡಿತ್ತು. ಭಾನುವಾರ ಸಂಜೆಯ ಸಿನಿಮಾಕ್ಕೆ ಅರ್ಧ ಬೀದಿಯೇ ನಮ್ಮ ಹಾಲಿನ ಚಾಪೆಯ ಮೇಲೆ ಕೂರುತ್ತಿತ್ತು. ಆ ಚಾಪೆಯೇ ನನ್ನ ಹೆಂಡತಿ ನಾಗರತ್ನಳ ಪ್ರತಿಷ್ಠೆ.

ಒಂದು ಭಾನುವಾರ ಮಧ್ಯಾಹ್ನ ಟೀವಿಯ ಆಂಟೆನಾ ತಂತಿ ಬಿಚ್ಚಿ, ಕಂಪ್ಯೂಟರ್ ಸಿಕ್ಕಿಸಿ, ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದ ಪ್ರೋಗ್ರಾಮನ್ನು ಒಂದೇ ಬೆರಳಿನಲ್ಲಿ ಕುಟ್ಟುತ್ತ ಕೂತೆ. ಅದು ರಂಗೋಲಿ ಬಿಡಿಸಬೇಕಿತ್ತು. ಬಿಡಿಸಲಿಲ್ಲ. ತಪ್ಪು ಎಲ್ಲಿದೆಯೆಂದು ತಡಕಾಡುವಷ್ಟರಲ್ಲಿ ಜನ ಬಂದೇಬಿಟ್ಟರು.

"ತಂತಿ ಹಾಕ್ರೀ, ಸಿನಿಮಾ ಶುರುವಾಗತ್ತೆ. ಇವರಿಗೆಲ್ಲ ನಾನು ಹೇಗೆ ಮುಖ ತೋರಿಸ್ಲಿ?" ನಾಗರತ್ನ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಈಗ ತೆಗೆದ್ರೆ ಬರ್ದಿದ್ದೆಲ್ಲ ಅಳಿಸಿಹೋಗತ್ತೆ ಕಣೇ. ಐದೇ ನಿಮಿಷ."

ಕಂಪ್ಯೂಟರನ್ನು ಆರಿಸದೆ ಟೀವಿಯಿಂದ ಬಿಡಿಸಿದರೆ ಏನೂ ಅಳಿಸಿಹೋಗುವುದಿಲ್ಲವೆಂದು ಈ ಮಹಾಪಂಡಿತನಿಗೆ ಆಗ ಗೊತ್ತಿರಲಿಲ್ಲ. ಪಾಪ, ಹತ್ತು ಜನ ಚಾಪೆಯ ಮೇಲೆ ಕೂತು ನನ್ನ ಬೆರಳನ್ನೇ ನೋಡಿದರು. ಎದುರುಮನೆಯ ನಿವೃತ್ತ ಟೀಚರ್ ಶಾರದಮ್ಮನವರಿಗೆ ತಡೆಯಲಾಗಲಿಲ್ಲ. ಪತ್ರಿಕೆ ಕಿತ್ತುಕೊಂಡು, "ನಾನು ಓದ್ತೀನಿ, ನೀವೆಲ್ಲ ಪರದೆ ನೋಡಿ" ಎಂದು ಮೊದಲ ಸಾಲಿನಿಂದ ಶುರುಮಾಡಿದರು. ಹಾಲಿಗೆ ಹಾಲೇ ನನ್ನನ್ನು ತಿದ್ದತೊಡಗಿತು. ನಾನೊಂದು ಇಡೀ ಸಾಲನ್ನೇ ಹಾರಿಸಿದ್ದು ಪತ್ತೆಯಾಗಿ, ರಂಗೋಲಿ ಅರಳಿತು. "ನಮ್ಮನೆ ಮುಂದಿನ ರಂಗೋಲಿನೇ ವಾಸಿ" ಎಂದರು ಶಾರದಮ್ಮ. ಎಲ್ಲರೂ ನಕ್ಕರು. ಅಷ್ಟರಲ್ಲಿ ಅರ್ಧ ಸಿನಿಮಾ ಮುಗಿದಿತ್ತು.

ಮರುವಾರವೇ ನಾಗರತ್ನ ಹಟ ಹಿಡಿದು ಮಾನಿಟರ್ ಕೊಳ್ಳಿಸಿದಳು. ಅಂಗಡಿಯವನು ಹೇಳಿದ್ದು ನಿಜ, ಕಣ್ಣಿಗೆ ಹಿತವಾಗಿಯೇ ಇತ್ತು. ಆದರೆ ಹಿಂದಿನ ಕೋಣೆಯಲ್ಲಿ ನಾನು, ಅದು, ಹಸಿರು ಅಕ್ಷರ. ಹಾಲಿನಿಂದ ನಗು ಕೇಳಿಬರುತ್ತಿತ್ತು. ಈಗ ನನ್ನ ತಪ್ಪುಗಳೆಲ್ಲ ನನ್ನೊಬ್ಬನವೇ; ಮೂರು ವಾರ ಒಂದೇ ತಪ್ಪಿನ ಮುಂದೆ ಕೂತು ಒದ್ದಾಡಿದೆ. ಟೀವಿ ವಾಸಿಯೋ ಮಾನಿಟರ್ ವಾಸಿಯೋ ಎನ್ನುವುದನ್ನು ಜನ ಅಕ್ಷರ ನೋಡಿ ತೀರ್ಮಾನಿಸುತ್ತಾರೆ. ನಾನು ಚಾಪೆ ನೋಡಿ ತೀರ್ಮಾನಿಸಿದೆ.

ನಾಲ್ಕನೇ ಭಾನುವಾರ ಮಧ್ಯಾಹ್ನ ಕಂಪ್ಯೂಟರನ್ನು ಮತ್ತೆ ಹಾಲಿಗೆ ತಂದು ಟೀವಿಗೆ ಸಿಕ್ಕಿಸಿದೆ. ಮಾನಿಟರ್ ಕೆಟ್ಟಿದೆ ಎಂದೆ. ಸಂಜೆ ಜನ ಬಂದರು. ನಾಗರತ್ನ ಸೊಂಟದ ಮೇಲೆ ಕೈಯಿಟ್ಟು, "ತೆಗೀರಿ ಅದನ್ನ" ಎಂದಳು.

"ತೆಗೆದ್ರೆ ಎಲ್ಲ ಅಳಿಸಿಹೋಗತ್ತೆ" ಎಂದೆ, ಈ ಸಲ ಎಲ್ಲ ಗೊತ್ತಿದ್ದೂ.

ಶಾರದಮ್ಮನವರು ಆಗಲೇ ಕನ್ನಡಕ ಹಾಕಿಕೊಂಡು ಪತ್ರಿಕೆಗೆ ಕೈ ಚಾಚಿದ್ದರು.