ನಿದ್ದೆ ಕೆಡಿಸದೆ ರೈಲು ಎತ್ತುವವರು

ಬೆಳಕು ಹರಿಯುವ ಹೊತ್ತು. ಗಡಿ ನಿಲ್ದಾಣದ ಶೆಡ್ಡಿನಲ್ಲಿ ಒಂದು ಬೋಗಿ, ಗೊರಕೆ ಹೊಡೆಯುವವರನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡೇ, ಮೆಲ್ಲಗೆ ಮೇಲೇಳುತ್ತಿದೆ. ಎತ್ತುತ್ತಿರುವವರು ಜಾಕಕ್ಕ. ಹೆತ್ತವರಿಟ್ಟ ಹೆಸರು ಬೇರೆ. ನಾಲ್ಕು ಮೂಲೆಯ ಜಾಕ್‌ಗಳನ್ನು ಒಂದೇ ಸಮ ಏರಿಸುವ ಗುಂಡಿಗಳ ಮುಂದೆ ನಿಂತು ನಿಂತು ಈ ಹೆಸರು ಅಂಟಿಕೊಂಡಿದೆ.

ಗಡಿಯಾಚೆಯವರು ಹಳಿಗಳನ್ನು ತುಸು ಅಗಲವಾಗಿ ಹಾಕಿಕೊಂಡಿದ್ದಾರೆ, ಈಚೆಯವರು ತುಸು ಒತ್ತಾಗಿ. ಯಾವ ಕಾಲದಲ್ಲೋ ಯಾರೋ ಹಿಡಿದ ಹಟಕ್ಕೆ ಪ್ರತಿ ರೈಲೂ ಇಲ್ಲಿ ಚಪ್ಪಲಿ ಬದಲಿಸಬೇಕು. ಬೋಗಿ ಎತ್ತರದಲ್ಲಿ ನಿಂತಿರುವಾಗ ಈಚೆಯ ಗಾಲಿಗಳು ಕೆಳಗಿನಿಂದ ಉರುಳಿ ಹೋಗುತ್ತವೆ, ಆಚೆಯ ಅಳತೆಯವು ಉರುಳಿ ಬರುತ್ತವೆ. ಅಷ್ಟು ಹೊತ್ತೂ ಶೌಚಾಲಯಕ್ಕೆ ಬೀಗ. ಎರಡು ದೇಶಗಳ ಭಿನ್ನಾಭಿಪ್ರಾಯ ಪ್ರಯಾಣಿಕನಿಗೆ ಅರ್ಥವಾಗುವುದು ಅಲ್ಲೇ.

“ಎದ್ದೋರು ಬೈತಾರೆ, ಮಲಗಿರೋರು ಬೈಯಲ್ಲ. ಅದಕ್ಕೇ ಯಾರನ್ನೂ ಎಬ್ಬಿಸಬಾರದು,” ಎನ್ನುತ್ತಾರೆ ಜಾಕಕ್ಕ. ಕಲಿಯುವ ದಿನಗಳಲ್ಲಿ ಒಂದು ಮೂಲೆ ಅವಸರ ಮಾಡಿ, ಮೇಲಿನ ಬರ್ತಿನ ಸೂಟ್‌ಕೇಸು ಕೆಳಗಿನವರ ಹೊಟ್ಟೆಗೆ ಇಳಿದದ್ದೂ ಉಂಟು. ಗಾಲಿಗಳಿಗೆ ಗ್ರೀಸ್ ಹಚ್ಚುವ ಗಂಡನ ದೂರು ಬೇರೆಯೇ: “ಇಲ್ಲಿ ಬೋಗಿ ಎತ್ತಿದ್ರೆ ಸೊಳ್ಳೆಗೂ ಗೊತ್ತಾಗಲ್ಲ. ಮನೇಲಿ ಪಾತ್ರೆ ಇಟ್ರೆ ಬೀದಿಯೇ ಏಳುತ್ತೆ.”

ಇವತ್ತು ಇಬ್ಬರಿಗೂ ಹಾಸ್ಯ ಹೆಚ್ಚು ಹೊತ್ತು ನಿಲ್ಲುತ್ತಿಲ್ಲ. ಮೇಲೆದ್ದಿರುವ ಬೋಗಿಯಲ್ಲಿ ಮಗಳಿದ್ದಾಳೆ, ಜೊತೆಗೆ ಹಸುಗೂಸು. ದೂರದ ಊರಿನಲ್ಲಿ ಹೆರಿಗೆಯಾದಾಗ, ಗುಂಡಿ ಒತ್ತಲು ಬದಲಿ ಆಳಿಲ್ಲವೆಂದು ಜಾಕಕ್ಕನಿಗೆ ರಜೆ ಸಿಗಲಿಲ್ಲ. ಮೊಮ್ಮಗಳನ್ನು ಫೋನಿನಲ್ಲಷ್ಟೇ ನೋಡಿದ್ದಾರೆ. ಈಗ ಅಳಿಯನಿಗೆ ಗಡಿಯಾಚೆ ಕೆಲಸವಾಗಿ, ಸಂಸಾರವೇ ಹೊರಟಿದೆ. ಇಲ್ಲಿ ಯಾರೂ ಇಳಿಯುವಂತಿಲ್ಲ, ಯಾರೂ ಹತ್ತುವಂತಿಲ್ಲ. ಉಳಿದಿರುವುದು ಕಿಟಕಿಯ ಗಾಜು, ಅದೂ ಈಗ ತಲೆಯ ಮೇಲೆ.

ಹೊಸ ಗಾಲಿಗಳ ಮೇಲೆ ಬೋಗಿ ಕೂರುತ್ತದೆ. ಕಿಟಕಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಒಳಗೆ ಮಗಳು ಅಳುತ್ತಲೇ ನಗುತ್ತಾಳೆ. ಕೂಸು ಆಚೆ ಹೊರಳಿ ಮಲಗಿದೆ. ಕಾಣುವುದು ಹೊದಿಕೆ, ಒಂದಿಷ್ಟು ಕೂದಲು. ಮಗಳು ಎತ್ತಿ ತೋರಿಸಲು ಬಗ್ಗಿದರೆ ಜಾಕಕ್ಕ ಬೇಡವೆಂದು ಕೈಯಾಡಿಸುತ್ತಾರೆ.

ಬೋಗಿ ಸರಿದು ಹೋದ ಮೇಲೆ ಗಂಡ ಗೊಣಗುತ್ತಾರೆ: “ಮುಖಾನಾದ್ರೂ ನೋಡಬಹುದಿತ್ತಲ್ಲೇ.”

ಜಾಕಕ್ಕನ ಕಣ್ಣು ಆಗಲೇ ಹಿಂದೆ ಬಂದು ನಿಂತ ಬೋಗಿಯ ನಾಲ್ಕು ಮೂಲೆಗಳ ಮೇಲಿದೆ.

“ಮುಖ ಇನ್ನೊಂದಿನ ನೋಡೋಣ ರೀ. ಎತ್ತಿದ್ದೂ ಇಳಿಸಿದ್ದೂ ಅದಕ್ಕೆ ಗೊತ್ತೇ ಆಗಿಲ್ಲ. ನಾನೇ ಎಬ್ಬಿಸ್ಲಾ?”