ಹಿಂದಿನ ಸೀಟಿನ ರಾಗಿ ಮೂಟೆ

ನಮ್ಮ ಮುಳಬಾಗಿಲು ಕಡೆ ಬೈಕ್ ಇರುವ ಗಂಡಸರಿಗೆ ಒಂದು ಚಟ. ಇಳಿಜಾರು ಕಂಡರೆ ಸಾಕು, ಗೇರನ್ನು ನ್ಯೂಟ್ರಲ್‌ಗೆ ತಂದು ಇಂಜಿನ್ ಆಫ್ ಮಾಡಿಬಿಡುತ್ತಾರೆ. ಗಾಡಿ ತಾನಾಗಿ ಇಳಿಯುತ್ತದೆ, ಪೆಟ್ರೋಲ್ ಉಳಿಯಿತೆಂಬ ಸಂತೋಷ. ಎಷ್ಟು ಉಳಿಯಿತು ಎಂದು ಮಾತ್ರ ಯಾರೂ ಕೇಳಬಾರದು. ನಾನೂ ಆ ಪೈಕಿಯವನೇ. ಅದರಲ್ಲೂ ಹೆಂಡತಿ ಹಿಂದೆ ಕೂತಿದ್ದರೆ ಸದ್ದಿಲ್ಲದೆ ಜಾರಿಕೊಂಡು ಹೋಗುವುದು ನನಗೊಂದು ದೊಡ್ಡಸ್ತಿಕೆ.

ಅವಳು ಶ್ರೀನಿವಾಸಪುರದ ಶಾಲೆಯೊಂದರಲ್ಲಿ ಟೀಚರ್. ನನ್ನ ಕೆಲಸ ಅದೇ ಊರಿನ ಮಾವಿನ ಮಂಡಿಯಲ್ಲಿ. ದಿನವೂ ಒಂದೇ ಬೈಕಿನಲ್ಲಿ ಹೋಗಿ ಬರುತ್ತಿದ್ದೆವು. ಅವಳು ಕಾಲುಗಳನ್ನು ಒಂದೇ ಕಡೆ ಇಳಿಬಿಟ್ಟು ಕೂತು ಬಲಗೈಯನ್ನು ನನ್ನ ಭುಜದ ಮೇಲೆ ಇಡುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ, ಮಾತು ಮೊದಲಿಂದಲೂ ಕಡಿಮೆ. ಆ ಕೈ ಭುಜದ ಮೇಲಿರುವಷ್ಟು ಹೊತ್ತು ನಮ್ಮ ನಡುವೆ ಎಲ್ಲ ಸರಿಯಿದೆ ಎಂದು ನನಗನ್ನಿಸುತ್ತಿತ್ತು.

ಕುರುಡುಮಲೆ ಗಣಪನಿಗೆ ಕೈ ಮುಗಿದು ಬರುತ್ತಿದ್ದ ಒಂದು ಭಾನುವಾರ ಎಂದಿನಂತೆ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದೆ. ತಿರುವಿನಲ್ಲಿ ಕುರಿ ಹಿಂಡು. ಗಾಬರಿಯಲ್ಲಿ ಎರಡೂ ಬ್ರೇಕನ್ನು ಒಟ್ಟಿಗೇ ಬಿಗಿಯಾಗಿ ಒತ್ತಿಬಿಟ್ಟೆ. ಗಾಡಿ ಓಲಾಡಿ, ರಸ್ತೆ ಬದಿಯ ಕಲ್ಲಿಗೆ ತಾಗಿ ನಿಂತಿತು. ಅವಳು ಕೆಳಗೆ ಬಿದ್ದಿದ್ದಳು. ರಸ್ತೆ ತುಂಬ ಪ್ರಸಾದದ ತೆಂಗಿನಕಾಯಿ ಚೂರು. ಅವಳ ಎಡಗೈ ಮಣಿಕಟ್ಟು ಮುರಿದಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದೇ ಮಾತು ಹೇಳಿದಳು: "ಇನ್ಮೇಲೆ ನಾನು ಬಸ್ಸಲ್ಲಿ ಹೋಗ್ತೀನಿ ಕಣ್ರೀ."

ಅಲ್ಲಿಂದ ಒಂದೇ ಮನೆಯಿಂದ ಹೊರಟು ಒಂದೇ ಊರಿಗೆ ಬೇರೆ ಬೇರೆಯಾಗಿ ಹೋಗುವವರಾದೆವು. ಎಷ್ಟೋ ಬೆಳಿಗ್ಗೆ ಅವಳ ಬಸ್ಸನ್ನು ನಾನೇ ಹಿಂದೆ ಹಾಕಿದ್ದೇನೆ. ಕಿಟಕಿ ಪಕ್ಕ ಕೂತಿರುತ್ತಿದ್ದಳು. ನೋಡಿ ಒಮ್ಮೆ ತಲೆಯಾಡಿಸುತ್ತಿದ್ದಳು, ಪರಿಚಯದವರಿಗೆ ಆಡಿಸುವ ಹಾಗೆ. ಆ ರಸ್ತೆಯಲ್ಲಿ ನನ್ನಷ್ಟು ಒಂಟಿ ಇನ್ನೊಬ್ಬನಿಲ್ಲ ಎಂದು ಸಂಕಟವಾಗುತ್ತಿತ್ತು.

ಬಸ್ ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಗಾಡಿಯ ಸೊಟ್ಟ ಹ್ಯಾಂಡಲ್ ಸರಿಮಾಡುವಾಗ ನನಗೂ ಸರಿಯಾಗಿ ಬುದ್ಧಿ ಹೇಳಿದ್ದ. "ಇಳಿಜಾರಲ್ಲಿ ಗೇರ್ ತೆಗೆದ್ರೆ ಗಾಡೀನ ಹಿಡ್ಕೊಳ್ಳೋರ್ ಯಾರಣ್ಣಾ? ಆಕ್ಸಿಲರೇಟರ್ ಬಿಡು, ಇಂಜಿನ್ನೇ ಹಿಡ್ಕೊಳ್ತದೆ. ಆಮೇಲೆ ಎರಡೂ ಬ್ರೇಕು ಮೆಲ್ಲಗಾ, ಮೆಲ್ಲಗಾ. ಕ್ಲಚ್ ಹಿಡಿದು ಒಂದೊಂದೇ ಗೇರ್ ಇಳಿಸು, ಕ್ಲಚ್ ದಬಕ್ಕಂತ ಬಿಡಬ್ಯಾಡ. ನಿಲ್ಲೋ ಹೊತ್ತಿಗೆ ಬ್ರೇಕ್ ಒಂಚೂರು ಸಡಿಲ ಮಾಡು. ಹಿಂದೆ ಕೂತೋರಿಗೆ ನಿಂತಿದ್ದೇ ತಿಳೀಬಾರ್ದು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇಪ್ಪತ್ತು ವರ್ಷ ಗಾಡಿ ಓಡಿಸಿದವನು ನಿಲ್ಲಿಸುವುದನ್ನು ಮೊದಲಿಂದ ಕಲಿಯಲು ಕೂತೆ. ಅರ್ಧ ಮೂಟೆ ರಾಗಿಯನ್ನು ಹಿಂದಿನ ಸೀಟಿನಲ್ಲಿ ನಿಲ್ಲಿಸಿ, ಹಳೇ ಟ್ಯೂಬಿನಿಂದ ಸಡಿಲವಾಗಿ ಕಟ್ಟಿ, ದೇವರಾಯಸಮುದ್ರದ ಕಡೆ ಹೋಗಿ ಬರುತ್ತಿದ್ದೆ. ಬ್ರೇಕ್ ಜೋರಾದರೆ, ಕ್ಲಚ್ ಅವಸರವಾದರೆ ಮೂಟೆ ಮುಂದೆ ಬಾಗಿ ಬೆನ್ನಿಗೆ ಗುದ್ದುತ್ತಿತ್ತು. ಟೀ ಅಂಗಡಿಯವನು ಕೂಗುತ್ತಿದ್ದ, "ಏನಣ್ಣಾ, ಮೂಟೆಗೆ ಊರು ತೋರಿಸ್ತಿದ್ದೀಯಾ?" ನಗುತ್ತಿದ್ದೆ. ಆ ದಿನಗಳಲ್ಲಿ ನನ್ನ ಬೆನ್ನಿಗೆ ಒರಗುತ್ತಿದ್ದದ್ದು ಆ ಮೂಟೆಯೊಂದೇ ಎಂದು ಅವನಿಗೆ ಹೇಗೆ ಹೇಳಲಿ? ತಿಂಗಳು ಕಳೆಯುವಷ್ಟರಲ್ಲಿ ಅದೂ ಒರಗುವುದನ್ನು ಬಿಟ್ಟಿತು.

ಒಂದು ಬೆಳಿಗ್ಗೆ ಬಸ್ ಬರಲಿಲ್ಲ. ಸ್ಟಾಪಿನಿಂದ ವಾಪಸು ಬಂದು, "ಬಿಟ್ ಬರ್ತೀರಾ?" ಅಂದಳು. ಸೀಟು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವಳು ಕೂತಳು. ಇವತ್ತು ಕೈ ಭುಜಕ್ಕೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಪರವಾಗಿಲ್ಲ, ದಾರಿ ಉದ್ದವಿದೆ ಅಂದುಕೊಂಡೆ.

ಅಷ್ಟು ಚೆನ್ನಾಗಿ ನಾನು ಯಾವತ್ತೂ ಓಡಿಸಿಲ್ಲ. ಹಂಪು ಬರುವ ಎಷ್ಟೋ ಮುಂಚೆಯೇ ಆಕ್ಸಿಲರೇಟರ್ ಬಿಟ್ಟು, ನಾಲ್ಕರಿಂದ ಮೂರು, ಮೂರರಿಂದ ಎರಡಕ್ಕೆ ಗೇರ್ ಇಳಿಸಿದೆ. ಒಮ್ಮೆಯೂ ಗಾಡಿ ಜಗ್ಗಲಿಲ್ಲ. ಶಾಲೆಯ ಗೇಟಿನ ಮುಂದೆ ನಿಂತಾಗಲಂತೂ ನಿಂತದ್ದು ನನಗೇ ತಿಳಿಯಲಿಲ್ಲ.

ಅವಳು ಇಳಿದು ಸೆರಗು ಸರಿಮಾಡಿಕೊಂಡಳು. "ಬ್ರೇಕ್ ಹಾಕಿದ್ದೇ ಗೊತ್ತಾಗ್ಲಿಲ್ಲ ಕಣ್ರೀ. ಚೆನ್ನಾಗಿ ಓಡಿಸಿದ್ರಿ," ಅಂದಳು. ಮನಸಾರೆ ಹೇಳಿದ ಮಾತೇ ಅದು.

ಬ್ಯಾಗನ್ನು ಹೆಗಲಿಗೆ ಏರಿಸುವಾಗ ಅವಳ ಎಡಗೈ ಕಂಡಿತು, ಮುರಿದು ಕೂಡಿದ ಅದೇ ಕೈ. ಸೀಟಿನ ಹಿಂದಿನ ಕಂಬಿಯನ್ನು ಮನೆಯಿಂದ ಶಾಲೆಯವರೆಗೂ ಬಿಡದೆ ಹಿಡಿದದ್ದಕ್ಕೆ ಅಂಗೈಗೆ ಅಡ್ಡಲಾಗಿ ಕೆಂಪು ಗೆರೆ ಬಿದ್ದಿತ್ತು.

"ಸಾಯಂಕಾಲ ಬಸ್ ಸಿಗುತ್ತೆ, ಕಾಯ್ಬೇಡಿ," ಅಂದು ಒಳಗೆ ಹೋದಳು.