ಉಳಿದಿದ್ದ ಒಂದೂವರೆ ನಿಮಿಷ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಐ.ಡಿ.ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದೆ. ರೇಡಿಯೋಗೆ ಬರೆದು ಕಳಿಸುವ ಹುಚ್ಚು ಹೇಗೆ ಹತ್ತಿತೋ ಕಾಣೆ. ಎರಡು ಸಲ ಕವನಗಳು ವಾಪಸ್ ಬಂದವು. ಮೂರನೆಯ ಸಲ, ಕುರಿ ಕಾಯುವ ಮನೆಯಲ್ಲಿ ಬೆಳೆದ ನೆನಪುಗಳನ್ನು ಬರೆದಾಗ, ಮಹಿಳೆಯರ ಕಾರ್ಯಕ್ರಮದಲ್ಲಿ ಓದಲು ಬನ್ನಿ ಎಂದು ಬೆಂಗಳೂರಿನಿಂದ ಕಾಗದ ಬಂತು. ಹತ್ತು ನಿಮಿಷದ ಓದು. ಹೆಡ್‌ಮಾಸ್ಟರು ಆ ಕಾಗದವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆದುರು ಓದಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕನಿಗೂ ಬರೆದು ತಿಳಿಸಿದೆ. ನನಗಿದ್ದವಳು ಅವಳೊಬ್ಬಳೇ ಅಕ್ಕ; ಪಾವಗಡದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳ ಮಗಳಿಗೆ ಆಗ ಸಂಬಂಧ ಕೂಡಿಬರುತ್ತಿತ್ತು. ಹುಡುಗ ಶಿರಾದ ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತ, ಕುಡಿತವಿಲ್ಲ, ಮನೆಯವರು ಒಳ್ಳೆಯವರು. ಹುಡುಗಿಗೂ ಹುಡುಗ ಇಷ್ಟವಾಗಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳುವ ಹಾಗಿಲ್ಲ.

ಹದಿನೈದು ದಿನ ಮನೆಯಲ್ಲಿ ಟೈಂಪೀಸ್ ಮುಂದಿಟ್ಟುಕೊಂಡು ಓದಿ ಅಭ್ಯಾಸ ಮಾಡಿದೆ. ಪ್ರತಿ ಸಲವೂ ಸರಿಯಾಗಿ ಹತ್ತು ನಿಮಿಷ. ಆದರೆ ಹತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಕೊಟ್ಟ ನಾಲಿಗೆ ಅದು. ಒಂದು ಮಾತು ಹೇಳುವುದು, ಮಕ್ಕಳು ಬರೆದುಕೊಳ್ಳಲಿ ಎಂದು ನಿಲ್ಲುವುದು, ಮತ್ತೊಂದು ಹೇಳುವುದು. ಮನೆಯಲ್ಲಿ ಯಾರೂ ಬರೆದುಕೊಳ್ಳುತ್ತಿರಲಿಲ್ಲ, ನಾನು ಮಾತ್ರ ನಿಲ್ಲುತ್ತಿದ್ದೆ. ಬೆಂಗಳೂರಿನಲ್ಲಿ ರೆಕಾರ್ಡಿಂಗ್ ಮಾಡುವ ಮುಚ್ಚಿದ ಕೋಣೆಯಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಗಾಬರಿಗೆ ನಿಲ್ಲುವುದೆಲ್ಲ ಮರೆತು ಒಂದೇ ಉಸಿರಿಗೆ ಓದಿಬಿಟ್ಟೆ. ಎಂಟೂವರೆ ನಿಮಿಷಕ್ಕೆ ಮುಗಿದುಹೋಯಿತು.

ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಹೆಂಗಸು ಒಳಗೆ ಬಂದರು. ಬೈಯಲಿಲ್ಲ. “ಒಂದೂವರೆ ನಿಮಿಷ ಉಳಿದಿದೆ. ಇನ್ನೇನಾದರೂ ಹೇಳುವುದಿದ್ದರೆ ಹೇಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ಕೊನೆಗೆ ಸ್ವಲ್ಪ ವೀಣೆ ಹಾಕ್ತೀನಿ,” ಅಂದರು. ವೀಣೆ ಹಾಕಿದ್ದರೆ ಆಗುತ್ತಿತ್ತು. ನಾನು ಹೇಳುತ್ತೇನೆ ಅಂದೆ.

ಕಾಗದವಿಲ್ಲದೆ ಹೇಳಿದೆ. ಚಿಕ್ಕಂದಿನಲ್ಲಿ ನನ್ನ ಅಕ್ಕನಿಗೆ ಮೂರ್ಛೆ ಬರುತ್ತಿತ್ತು. ಕುರಿ ಮಂದೆಯ ನಡುವೆಯೇ ಬಿದ್ದು ಒದ್ದಾಡುವಳು. ಕೈಯಲ್ಲಿ ಕಬ್ಬಿಣ ಹಿಡಿಸಬೇಕು ಎಂದು ನಮ್ಮವರ ನಂಬಿಕೆ. ನಮ್ಮ ಕೈಗೆ ಸಿಗುತ್ತಿದ್ದ ಕಬ್ಬಿಣವೆಂದರೆ ಕುರಿಯ ತುಪ್ಪಟ ಕತ್ತರಿಸುವ ದೊಡ್ಡ ಕತ್ತರಿ. ಅದನ್ನು ಮುಚ್ಚಿ ಅವಳ ಮುಷ್ಟಿಗೆ ತುರುಕಿ, ಮೇಲೆ ನನ್ನ ಎರಡೂ ಕೈ ಒತ್ತಿ ಕೂರುತ್ತಿದ್ದೆ. ಎಚ್ಚರವಾದ ಮೇಲೆ ಅಕ್ಕ ಮೊದಲು ಕೇಳುತ್ತಿದ್ದದ್ದು, “ನಿಂಗೇನೂ ಆಗ್ಲಿಲ್ವಾ?” ಎಂದು. ಆ ಹೆಂಗಸು ಗಾಜಿನಾಚೆ ಕಣ್ಣೊರೆಸಿಕೊಂಡರು. “ಇಡೀ ಓದಿನಲ್ಲಿ ಜೀವ ಇರುವುದು ಇಲ್ಲೇ,” ಅಂದರು.

ಬಸ್ಸು ಕೊರಟಗೆರೆ ದಾಟಿದ ಮೇಲೆ ನಾನು ಮಾಡಿದ್ದೇನೆಂದು ನನಗೆ ಹೊಳೆಯಿತು. ಅಕ್ಕನ ಮೂರ್ಛೆ ಹದಿನೈದನೆಯ ವಯಸ್ಸಿಗೆ ನಿಂತಿತ್ತು. ಅದನ್ನು ಮುಚ್ಚಿಟ್ಟೇ ಮದುವೆ ಮಾಡಿದ್ದರು. “ಹೊರಗೆ ಬಾಯಿ ಬುಟ್ರೆ ನಾಲ್ಗೆ ಸೀಳ್ತೀನಿ,” ಎಂದು ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ್ದ. ಮೂರ್ಛೆ ರಕ್ತದಲ್ಲೇ ಬರುತ್ತದೆ ಎಂದು ನಂಬುವ ಊರುಗಳವು. ತಾಯಿಗಿತ್ತು ಅಂದರೆ ಮಗಳನ್ನು ಯಾರೂ ತರುವುದಿಲ್ಲ. ನಾನು ರೇಡಿಯೋದಲ್ಲಿ ಅಕ್ಕನ ಹೆಸರು ಹೇಳಿರಲಿಲ್ಲ. ಒಬ್ಬಳೇ ಅಕ್ಕ ಇರುವವಳಿಗೆ ಹೆಸರು ಹೇಳದಿರುವುದೇ ದೊಡ್ಡ ಜಾಣತನವೇ?

ಪ್ರಸಾರಕ್ಕೆ ಮೂರು ವಾರವಿತ್ತು. ಆ ಭಾಗ ತೆಗೆದುಬಿಡಿ ಎಂದು ಇನ್‌ಲ್ಯಾಂಡ್ ಕಾಗದ ಬರೆದೆ. ಬರೆದು, ಹಾಜರಿ ಪುಸ್ತಕದಲ್ಲಿಟ್ಟೆ. ನಾಳೆ ಟಪಾಲಿಗೆ ಹಾಕೋಣ ಎಂದು ದಿನ ದೂಡಿದೆ. ತೆಗೆಯಿರಿ ಅಂದರೆ ಇನ್ನೊಮ್ಮೆ ಕರೆಯಲಿಕ್ಕಿಲ್ಲ ಎಂಬ ಭಯ ಒಂದು. ಜೀವ ಇರುವುದು ಇಲ್ಲೇ ಅಂದಿದ್ದರಲ್ಲ, ಅದನ್ನು ಬಿಟ್ಟುಕೊಡಲು ಮನಸ್ಸಾಗದ ದುರಾಸೆ ಇನ್ನೊಂದು. ಪಾವಗಡದ ಕಡೆಯವರು ತೆಲುಗು ಕೇಳುತ್ತಾರೆ, ಯಾರು ಕನ್ನಡ ಹಾಕುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಾಕಿದವಳು ಅಕ್ಕನೇ. ಪ್ರಸಾರವಾದ ಮಧ್ಯಾಹ್ನ ಗಂಡಿನ ಕಡೆಯವರು ಲಗ್ನದ ದಿನ ಗೊತ್ತು ಮಾಡಲು ಬಂದಿದ್ದರು. ಊಟವಾದ ಮೇಲೆ, ತಂಗಿ ಮಾತಾಡುತ್ತಾಳೆ ಕೇಳಿ ಎಂದು ಅವರನ್ನು ಚಾಪೆಯ ಮೇಲೆ ಕೂರಿಸಿ, ಪಕ್ಕದ ಮನೆಯಿಂದ ರೇಡಿಯೋ ತಂದು ನಡುಮನೆಯಲ್ಲಿಟ್ಟಳಂತೆ. ಕೊನೆಯ ಒಂದೂವರೆ ನಿಮಿಷದಲ್ಲಿ ಯಾರೂ ಅಲ್ಲಾಡಲಿಲ್ಲವಂತೆ. ಗಂಡಿನ ತಾಯಿ ತೆಲುಗಿನಲ್ಲಿ ಗಂಡನ ಕಿವಿಗೆ ಏನೋ ಹೇಳಿದಳು. ಎಲೆಯಡಿಕೆ ಮುಟ್ಟದೆ ಎದ್ದು ಹೋದರು. ಅದೇ ಹೊತ್ತಿನಲ್ಲಿ ನಾನು ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು, ನನ್ನ ದನಿ ಎಷ್ಟು ಚೆನ್ನಾಗಿ ಬಂದಿದೆ ಎಂದು ಖುಷಿಪಡುತ್ತಿದ್ದೆ.

ನಾಲ್ಕನೆಯ ದಿನ ಅಕ್ಕ ಬಸ್ಸಿಳಿದು ಬಂದಳು. ನಡೆದದ್ದನ್ನು ಹೇಳಿದಳು. ಕೂಗಾಡಲಿಲ್ಲ.

“ಅದ್ನ ಯೋಳು ಅಂತ ರೇಡಿಯೋದೋರೇ ಕೇಳಿದ್ರೇನೇ?” ಅಂದಳು.

“ಹೂಂ ಅಕ್ಕ, ಅವ್ರೇ ಕೇಳಿದ್ರು. ಯೋಳ್ದೆ ಇದ್ರೆ ಬುಡ್ತಿರ್ಲಿಲ್ಲ,” ಅಂದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಂಗಾದ್ರೆ ನಿಂದೇನೈತೆ ತಪ್ಪು. ಸರ್ಕಾರ್‍ದೋರು ಕೇಳಿದ್ಮೇಲೆ ಇಲ್ಲ ಅನ್ನಾಕಾಯ್ತದಾ,” ಅಂದಳು. ನಾನು ಬಡಿಸಿದ ಮುದ್ದೆ ಉಂಡು ಸಂಜೆಯ ಬಸ್ಸಿಗೆ ಹೋದಳು. ಆಗಲಾದರೂ ಹಿಂದೆ ಓಡಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಶುರುವಾದದ್ದು ಆ ಸಂಜೆಯೇ.

ಮೂರು ವರ್ಷ ಹುಡುಗಿಗೆ ಯಾರೂ ಬರಲಿಲ್ಲ. ಕಡೆಗೆ ಕ್ಯಾತಗಾನಚೆರ್ಲು ಕಡೆಯ ಒಬ್ಬನಿಗೆ ಕೊಟ್ಟರು. ಹೆಂಡತಿ ಸತ್ತವನು, ಎರಡು ಮಕ್ಕಳು, ವಯಸ್ಸು ಅಕ್ಕನಿಗಿಂತ ನಾಲ್ಕೈದು ವರ್ಷ ಕಡಿಮೆ ಅಷ್ಟೇ. ಧಾರೆಯಾಗುವಾಗ ಹುಡುಗಿ ಒಮ್ಮೆಯೂ ತಲೆ ಎತ್ತಲಿಲ್ಲ. ಚಪ್ಪರದ ಕೆಳಗೆ ಗಂಡಿನ ಕಡೆಯ ಹೆಂಗಸರು ನನ್ನನ್ನು ನೋಡಿ ಗುಸುಗುಸು ಮಾತಾಡಿಕೊಂಡರು. ಅಕ್ಕನಿಗೆ ಅದು ಕಂಡಿತು. ಬಂದು ನನ್ನ ರಟ್ಟೆ ಹಿಡಿದು ಅವರ ಮುಂದೆ ನಿಲ್ಲಿಸಿದಳು.

“ಇವ್ಳೇ ಕಣಮ್ಮ ನನ್ ತಂಗಿ, ರೇಡಿಯೋದಾಗೆ ಓದಿದೋಳು. ಇವ್ಳನ್ನ ಯಾರೂ ಏನೂ ಅನ್ಬ್ಯಾಡಿ. ಅವ್ರು ಕೇಳಿದ್ರು, ಇವ್ಳು ಯೋಳಿದ್ಲು. ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ, ಸುಳ್ಳು ಯೋಳಾಕೇ ಬರಾಕಿಲ್ಲ ಇವ್ಳಿಗೆ,” ಅಂದಳು.

ಹೆಂಗಸರು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು. ನಾನು ಕೂತೆ.